ಮುತ್ಯಾ ಕೇಳಿದ ಬೆಂಕಿ

1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ಲಾತೂರು ಜಿಲ್ಲೆಯ ಕಿಲ್ಲಾರಿ ನಡುಗಿದಾಗ, ಅಲ್ಲಿಂದ ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲಿದ್ದ, ಬಸವಕಲ್ಯಾಣದ ಸಮೀಪದ ನಮ್ಮೂರಿನ ಮಾಳಿಗೆ ಮನೆಯಲ್ಲಿ ನೆಲವಿನ ಗಡಿಗೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು, ಗೋಡೆಯ ಮಣ್ಣು ಹಾಸಿಗೆಯ ಮೇಲೆ ಉದುರಿತು. ಗಣಪತಿಯನ್ನು ಕಳುಹಿಸಿ ಬಂದು ಮಲಗಿದ್ದ ಓಣಿಯ ಜನರೆಲ್ಲ ಬಯಲಿಗೆ ಬಂದು ನಿಂತರು. ಕಲ್ಲು ಮತ್ತು ಮಣ್ಣಿನಿಂದ ಕಟ್ಟಿದ ದಪ್ಪ ಗೋಡೆಗಳ ಅಡಿಯಲ್ಲಿ ಸಿಲುಕಿ ಆ ಭಾಗದಲ್ಲಿ ಹತ್ತು ಸಾವಿರದಷ್ಟು ಜನ ಸತ್ತರೆಂಬ ಸುದ್ದಿ ತಿಳಿಯಲು ನಮಗೆ ಎರಡು ಮೂರು ದಿನಗಳೇ ಬೇಕಾದವು. ಅಷ್ಟರೊಳಗೆ ಇನ್ನೊಂದು ಸುದ್ದಿ ತಾನಾಗಿಯೇ ಹುಟ್ಟಿಕೊಂಡಿತ್ತು. ಭೂಮಿಯ ಒಳಗೆ ಬೆಂಕಿ ಎದ್ದಿದೆ, ಅದು ಇನ್ನು ಕೆಲವೇ ದಿನಗಳಲ್ಲಿ ಬಾಯಿ ಬಿಡುತ್ತದೆ ಎಂಬುದು ಆ ಸುದ್ದಿ. ಪಿಯುಸಿ ಎರಡನೆಯ ವರ್ಷದಲ್ಲಿ ವಿಜ್ಞಾನ ಓದುತ್ತಿದ್ದ ನನ್ನನ್ನು ಮುತ್ಯಾ ಪಕ್ಕಕ್ಕೆ ಕರೆದು, ಬೇರೆ ಯಾರಿಗೂ ಕೇಳಿಸದ ಹಾಗೆ, "ಏನವಾ, ನಮ್ಮ ಬುಡಕ ಬೆಂಕಿ ಅದಾ ಏನು?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳಲು ನಾಚಿಕೆಯಾಗಿ, ಪುಸ್ತಕ ನೋಡಿ ಹೇಳುತ್ತೇನೆ ಎಂದೆ.

ಮುತ್ಯಾ ತೀರಿಕೊಂಡು ಬಹಳ ಕಾಲವಾಯಿತು. ಅವರಿಗೆ ಕೊಡಬೇಕಿದ್ದ ಉತ್ತರವನ್ನು ಹುಡುಕಿಕೊಂಡೇ ನಾನು ಭೂವಿಜ್ಞಾನಿಯಾದೆ ಎಂದು ಹೇಳಿದರೆ ಅದು ಕಥೆ ಕಟ್ಟಿದಂತಾಗುತ್ತದೆ. ನಿಜವಾಗಿ, ಬಿಎಸ್ಸಿಯಲ್ಲಿ ಗಣಿತದ ಜೊತೆಗೆ ಸಿಕ್ಕ ವಿಷಯ ಅದಾಗಿತ್ತು, ಅಷ್ಟೆ. ಆದರೆ ಕಲಬುರಗಿಯಲ್ಲಿ ಎಂಎಸ್ಸಿ ಮಾಡುವಾಗ, ನಾವು ಹುಟ್ಟಿದಾಗಿನಿಂದ ತುಳಿದ ಎರೆಮಣ್ಣು, ಮನೆಯ ಗೋಡೆಯ ಕರಿಕಲ್ಲು, ರಸ್ತೆಗೆ ಹಾಸುವ ಮುರಂ ಇವೆಲ್ಲ ಒಂದೇ ಲಾವಾದ ಬೇರೆ ಬೇರೆ ವಯಸ್ಸಿನ ರೂಪಗಳೆಂದು ತಿಳಿದ ದಿನ ಆ ಪ್ರಶ್ನೆ ಮತ್ತೆ ನೆನಪಿಗೆ ಬಂದದ್ದು ನಿಜ. ನಮ್ಮ ಬುಡದಲ್ಲಿ ಬೆಂಕಿ ಇದೆಯೋ ಇಲ್ಲವೋ ಎಂಬುದಿರಲಿ, ನಮ್ಮ ಬುಡವೇ ಒಂದು ಕಾಲಕ್ಕೆ ಬೆಂಕಿಯಾಗಿತ್ತು.

ಈ ಮೂರು ಜಿಲ್ಲೆಗಳನ್ನು ಬೀದರಿನಿಂದ ಯಾದಗಿರಿಯವರೆಗೆ ದಾಟುವವರು ಕಲ್ಲಿನ ಕಡೆ ಕಣ್ಣಿಟ್ಟರೆ, ಒಂದೇ ದಿನದಲ್ಲಿ ಕಾಲದ ಮೆಟ್ಟಿಲನ್ನು ಇಳಿದ ಹಾಗಾಗುತ್ತದೆ. ಬೀದರಿನ ಎತ್ತರದಲ್ಲಿ ಕೋಟೆಯನ್ನು ಕಟ್ಟಿರುವ, ಗಾಳಿ ಮಳೆಗೆ ತೂತು ತೂತಾದ ಕೆಂಪು ಜಂಬಿಟ್ಟಿಗೆ. ಅದು ಲಾವಾ ಆರಿ ಗಟ್ಟಿಯಾದ ಬಸಾಲ್ಟ್ ಶಿಲೆಯೇ ಲಕ್ಷಾಂತರ ವರ್ಷಗಳ ಮಳೆಗೆ ಕೊಳೆತು, ಕರಗುವುದೆಲ್ಲ ಕರಗಿಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದ ಕಲ್ಲು. ಹುಮನಾಬಾದಿನ ಕಡೆಗೆ ಇಳಿದರೆ ಕಪ್ಪು ಬಸಾಲ್ಟ್ ಮತ್ತು ತೊಗರಿಯ ಎರೆಹೊಲಗಳು ಕಲಬುರಗಿಯವರೆಗೂ ಜೊತೆಗಿರುತ್ತವೆ. ಶಹಾಬಾದಿನ ಹತ್ತಿರ ಲಾವಾದ ಹೊದಿಕೆ ಹರಿದು, ಅದರ ಅಡಿಯಲ್ಲಿದ್ದ ಸುಣ್ಣಕಲ್ಲು ಹೊರಬರುತ್ತದೆ. ನಮ್ಮ ಮನೆಗಳ ನೆಲಕ್ಕೆ ಹಾಸುವ ಫರಸಿಯೂ ವಾಡಿ, ಸೇಡಂಗಳ ಸಿಮೆಂಟೂ ಅದರಿಂದಲೇ. ರೈಲು ವಾಡಿ ದಾಟಿ ಯಾದಗಿರಿಯನ್ನು ತಲುಪುವ ಹೊತ್ತಿಗೆ ಅದೂ ಮುಗಿದು, 250 ಕೋಟಿ ವರ್ಷಗಳ ಆಸುಪಾಸಿನ ಗ್ರಾನೈಟಿನ ಗುಂಡುಗಳು ಒಂದರ ಮೇಲೊಂದು ಕೂತಿರುವುದು ಕಾಣುತ್ತದೆ. ದಖ್ಖನ್ನಿನ ಲಾವಾ ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಮುಚ್ಚಿಕೊಂಡಿದೆ. ಪಶ್ಚಿಮ ಘಟ್ಟದಲ್ಲಿ ಅದರ ದಪ್ಪವನ್ನು ಕಿಲೋಮೀಟರುಗಳಲ್ಲಿ ಅಳೆಯಬೇಕು, ಭೂಕಂಪದ ನಂತರ ಕಿಲ್ಲಾರಿಯಲ್ಲಿ ಕೊರೆದ ಬಾವಿಯಲ್ಲಿ ಅದು 338 ಮೀಟರಿಗೆ ಮುಗಿಯಿತು, ನಮ್ಮ ಕಡೆಯ ಅಂಚಿನಲ್ಲಿ ಅದು ಸವೆದ ಕಂಬಳಿಯ ಸೆರಗಿನಷ್ಟು ತೆಳುವಾಗಿದೆ.

ಆ ಅಂಚೇ ನನ್ನ ಮೊದಲ ಸಂಶೋಧನೆಯ ವಿಷಯವಾಯಿತು. 6.6 ಕೋಟಿ ವರ್ಷಗಳ ಹಿಂದೆ, ಡೈನೊಸಾರುಗಳು ಅಳಿದ ಕಾಲದ ಹಿಂದೆ ಮುಂದೆ, ಭೂವಿಜ್ಞಾನದ ಲೆಕ್ಕದಲ್ಲಿ ತೀರ ಕಡಿಮೆ ಎನ್ನಬಹುದಾದ ಹತ್ತು ಲಕ್ಷ ವರ್ಷಗಳ ಆಸುಪಾಸಿನ ಅವಧಿಯಲ್ಲಿ ಈ ಲಾವಾದ ಬಹುಪಾಲು ಹೊರಬಂತು. ಶಂಕುವಿನ ಆಕಾರದ, ಚಿತ್ರದಲ್ಲಿ ಕಾಣುವಂಥ ಜ್ವಾಲಾಮುಖಿಯಿಂದ ಬಂದದ್ದಲ್ಲ ಅದು. ನೆಲ ಉದ್ದುದ್ದ ಸೀಳಿ, ಆ ಸೀಳುಗಳಿಂದ ಉಕ್ಕಿ ಹರಿದದ್ದು. ಸೀಳುಗಳು ಬಹಳಷ್ಟು ಪಶ್ಚಿಮದಲ್ಲಿದ್ದವೆನ್ನುವುದಾದರೆ, ನೂರಾರು ಕಿಲೋಮೀಟರ್ ದೂರದ ನಮ್ಮೂರಿನ ತನಕ ಬರುವಷ್ಟರಲ್ಲಿ ಅದು ಆರಿ ಗಟ್ಟಿಯಾಗಬೇಕಿತ್ತಲ್ಲವೇ ಎಂಬುದು ಆಗಿನ ನನ್ನ ತೊಡಕು.

ಇದಕ್ಕೆ ಉತ್ತರ ಸಿಕ್ಕದ್ದು ಹವಾಯಿಯಲ್ಲಿ ಜೀವಂತ ಲಾವಾವನ್ನು ಗಮನಿಸಿದವರ ಬರಹಗಳಿಂದ. ಆದರೆ ಅದನ್ನು ನಾನು ವಿದ್ಯಾರ್ಥಿಗಳಿಗೆ ಹೇಳುವುದು ಜೋಳದ ರೊಟ್ಟಿಯ ಮೂಲಕ. ಹಂಚಿನ ಮೇಲೆ ಹಾಕಿದ ರೊಟ್ಟಿಯ ಮೇಲ್ಪದರ ಮೊದಲು ಒಣಗುತ್ತದೆ, ಆಮೇಲೆ ಒಳಗಿನ ಆವಿ ಅದನ್ನು ಎತ್ತಿ ಹಿಡಿಯುತ್ತದೆ. ತೆಳ್ಳಗೆ ಬಡಿದ ಹಿಟ್ಟು ಉಬ್ಬಿ ನಿಲ್ಲುತ್ತದೆ. ನಿಧಾನವಾಗಿ ಹರಿಯುವ ಲಾವಾ ಕೂಡ ಮೊದಲು ಒಂದೆರಡು ಗೇಣು ದಪ್ಪದ ನಾಲಿಗೆಯಾಗಿ ಚಾಚಿಕೊಳ್ಳುತ್ತದೆ, ಮೇಲೆ ಹಕ್ಕಳೆ ಕಟ್ಟುತ್ತದೆ, ಹಿಂದಿನಿಂದ ಬರುವ ಹೊಸ ಲಾವಾ ಆ ಹಕ್ಕಳೆಯ ಕೆಳಗೆ ನುಗ್ಗಿ ಇಡೀ ಹಾಳೆಯನ್ನು ಮೀಟರುಗಟ್ಟಲೆ ಮೇಲೆತ್ತುತ್ತದೆ. ಮೇಲಿನ ಹಕ್ಕಳೆ ಶಾಖವನ್ನು ಹೊರಗೆ ಬಿಡದ ಮುಚ್ಚಳವಾಗುವುದರಿಂದ ಒಳಗಿನ ಕಾಲುವೆಯಲ್ಲಿ ಶಿಲಾರಸವು ಒಂದು ಕಿಲೋಮೀಟರಿಗೆ ಒಂದು ಡಿಗ್ರಿಯಷ್ಟನ್ನೂ ಕಳೆದುಕೊಳ್ಳದೆ ಮುಂದಕ್ಕೆ ಸಾಗಬಲ್ಲದು. ಹೋಲಿಕೆ ಪೂರ್ತಿ ಸರಿಯಲ್ಲ, ರೊಟ್ಟಿಯನ್ನು ಉಬ್ಬಿಸುವುದು ಆವಿ, ಲಾವಾವನ್ನು ಉಬ್ಬಿಸುವುದು ಲಾವಾ. ಆದರೆ ರೊಟ್ಟಿ ಬಡಿದು ಬಲ್ಲ ಹುಡುಗಿಯರಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಿ ಬಂದಿಲ್ಲ. ಮುಚ್ಚಿದ ದಾರಿ ಇದ್ದರೆ ಬೆಂಕಿಯೂ ದೂರ ಹೋಗುತ್ತದೆ ಎಂಬ ಈ ಮಾತು ನನ್ನ ಮುಂದಿನ ಕೆಲಸಕ್ಕೆಲ್ಲ ತಳಹದಿಯಾಗುತ್ತದೆಂದು ಆಗ ನನಗೆ ಹೊಳೆದಿರಲಿಲ್ಲ.

ಹಾಗಾದರೆ ಈಗಿನ ನಮ್ಮ ನೆಲ ಬೂದಿ ಮುಚ್ಚಿದ ಕೆಂಡವೇ? ಅಲ್ಲ. ನೆಲದ ಮೇಲೆ ಹರಡಿದ ಹತ್ತಾರು ಮೀಟರಿನ ಲಾವಾ ಪದರ ಕೆಲವು ವರ್ಷ, ಹೆಚ್ಚೆಂದರೆ ಕೆಲವು ನೂರು ವರ್ಷಗಳಲ್ಲಿ ತಣ್ಣಗಾಗುತ್ತದೆ. ಆಳದಲ್ಲಿ ಉಳಿದ ದೊಡ್ಡ ಶಿಲಾರಸದ ಕೊಳವೂ ಕೆಲವು ಹತ್ತು ಲಕ್ಷ ವರ್ಷಗಳಿಗಿಂತ ಹೆಚ್ಚು ಕಾಲ ಬಿಸಿಯನ್ನು ಹಿಡಿದಿಟ್ಟುಕೊಳ್ಳಲಾರದು. 6.6 ಕೋಟಿ ವರ್ಷಗಳ ನಂತರ ಕೆಂಡವೂ ಇಲ್ಲ, ಬೂದಿಯ ಬಿಸಿಯೂ ಇಲ್ಲ. ಕಿಲ್ಲಾರಿಯ ಕಂಪನ ಬಂದದ್ದು ಬೆಂಕಿಯಿಂದಲ್ಲ, ಲಾವಾದ ಹೊದಿಕೆಯ ಅಡಿಯಲ್ಲಿ ಮರೆಯಾಗಿದ್ದ ಬಿರುಕೊಂದು ಭಾರತ ಫಲಕದ ಒತ್ತಡಕ್ಕೆ ಜಾರಿದ್ದರಿಂದ. ಭೂಮಿಯ ಒಳಗೆ ಶಾಖವೇ ಇಲ್ಲವೆಂದಲ್ಲ. ಎಲ್ಲ ಕಡೆಯೂ ಇದೆ. ಭೂಮಿ ಹುಟ್ಟಿದಾಗಿನ ಶಾಖದ ಉಳಿಕೆಯ ಜೊತೆಗೆ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣದಿಂದ ಹುಟ್ಟುವ ಶಾಖ ಸೇರಿ, ಸಾಮಾನ್ಯವಾಗಿ ಒಂದು ಕಿಲೋಮೀಟರ್ ಇಳಿದರೆ 25ರಿಂದ 30 ಡಿಗ್ರಿ ಏರುತ್ತದೆ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪವೇ ಇದೆಯೆಂದು ಓದಿದವರು, ಹಾಗಾದರೆ ಅಲ್ಲಿ ನೆಲ ಬಿಸಿಯಾಗಿರಬೇಕಲ್ಲ ಎಂದು ಕೇಳುವುದುಂಟು; ಅಷ್ಟು ಚಿಕ್ಕ ನಿಕ್ಷೇಪ ಒಲೆಯಾಗುವುದಿಲ್ಲ, ಅದಕ್ಕೆ ಇಡೀ ಗ್ರಾನೈಟಿನ ರಾಶಿ ಬೇಕು. ವಾಸ್ತವವಾಗಿ ದಕ್ಷಿಣ ಭಾರತದ ಈ ಹಳೆಯ ಶಿಲಾಫಲಕದ ಮೂಲಕ ಹೊರಬರುವ ಶಾಖ ಖಂಡಗಳ ಸರಾಸರಿಗಿಂತ ಸಾಕಷ್ಟು ಕಡಿಮೆ. ಕರ್ನಾಟಕದಲ್ಲಿ ಬಿಸಿನೀರಿನ ಬುಗ್ಗೆಯನ್ನು ನೋಡಬೇಕೆಂದರೆ ಪುತ್ತೂರಿನ ಬೆಂದ್ರು ತೀರ್ಥಕ್ಕೆ ಹೋಗಬೇಕು, ಅದೂ ಸ್ನಾನಕ್ಕೆ ಹಿತವಾಗುವಷ್ಟು ಬೆಚ್ಚಗೆ, ಅಷ್ಟೆ.

ಹೀಗಾಗಿ ಜೀವಂತ ಶಾಖವನ್ನು ಹುಡುಕಿಕೊಂಡು ನಾನು ಊರು ಬಿಡಬೇಕಾಯಿತು. ದೇಶದ ಒಂದೇ ಸಕ್ರಿಯ ಜ್ವಾಲಾಮುಖಿಯಾದ, ಒಂದೂವರೆ ಶತಮಾನ ಸುಮ್ಮನಿದ್ದು 1991ರಲ್ಲಿ ಮತ್ತೆ ಎದ್ದ ಅಂಡಮಾನಿನ ಬ್ಯಾರನ್ ದ್ವೀಪವನ್ನು ಹಡಗಿನಿಂದ ನೋಡಿದ್ದೇನೆ. ನನ್ನ ಭಾಷಣಗಳಿಗೆ ಜನ ಸೇರುವುದು ಆ ಹೊಗೆಯ ಚಿತ್ರದಿಂದಲೇ ಎಂಬುದೂ ನನಗೆ ಗೊತ್ತು. ಆದರೆ ಅದರ ಬಗ್ಗೆ ನಾನು ಬರೆದದ್ದು ಕಡಿಮೆ. ನನ್ನ ಹೆಚ್ಚಿನ ವರ್ಷಗಳು ಕಳೆದದ್ದು ಯಾರೂ ಚಿತ್ರ ತೆಗೆಯದ, ಗುಳುಗುಳು ಎನ್ನುವ ಸಣ್ಣ ಬುಗ್ಗೆಗಳ ಪಕ್ಕದಲ್ಲಿ.

ಲಡಾಖಿನ ಪುಗಾ ಕಣಿವೆ ಸಮುದ್ರ ಮಟ್ಟದಿಂದ ಸುಮಾರು 4,400 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ನೀರು 85 ಡಿಗ್ರಿಯ ಆಸುಪಾಸಿಗೇ ಕುದಿಯುತ್ತದೆ, ಅನ್ನ ಬೇಯುವುದಿಲ್ಲ, ಬುಗ್ಗೆ ಮಾತ್ರ ಕುದಿಯುತ್ತಲೇ ಇರುತ್ತದೆ. ನೆಲದ ಮೇಲೆ ಟಂಕಣಕ್ಷಾರದ ಬಿಳಿ ಹೆಪ್ಪು, ಬಂಡೆಯ ಸಂದಿನಲ್ಲಿ ಗಂಧಕದ ಹಳದಿ. ಬುಗ್ಗೆಯ ಕಡೆಗಿರುವ ಕೈ ಸುಡುತ್ತದೆ, ಬೆನ್ನು ಹೆಪ್ಪುಗಟ್ಟುತ್ತದೆ. ಬಿಸಿನೀರಿನ ಮಾದರಿ ಹಿಡಿಯುವುದು ಕೊಡದಲ್ಲಿ ನೀರು ತುಂಬಿದಷ್ಟು ಸುಲಭವಲ್ಲ: ಸೋಸಿ, ಒಂದು ಬಾಟಲಿಗೆ ನೈಟ್ರಿಕ್ ಆಮ್ಲದ ಹನಿ ಹಾಕಿ, ಬೆಣಚುಕಲ್ಲಿನ ಮೂಲವಸ್ತುವಾದ ಸಿಲಿಕಾವನ್ನು ಅಳೆಯುವ ಬಾಟಲಿಯನ್ನು ಅಲ್ಲೇ ಶುದ್ಧ ನೀರಿನಿಂದ ತೆಳುಮಾಡಿ, ಒಂದೇ ಧಾತುವಿನ ಹಗುರ, ಭಾರದ ರೂಪಗಳಾದ ಐಸೊಟೋಪುಗಳನ್ನು ಅಳೆಯುವ ಬಾಟಲಿಯಲ್ಲಿ ಒಂದು ಗುಳ್ಳೆಯೂ ಉಳಿಯದಂತೆ ಬಿರಡೆ ಬಿಗಿಯಬೇಕು. ಮೊದಲ ವರ್ಷ ಸಿಲಿಕಾದ ಬಾಟಲಿಗಳನ್ನು ತೆಳುಮಾಡಲು ಮರೆತು, ಪ್ರಯೋಗಾಲಯಕ್ಕೆ ಬರುವಷ್ಟರಲ್ಲಿ ಅದು ಅಂಟಾಗಿ ತಳಕ್ಕೆ ಕೂತು, ಇಡೀ ಬೇಸಗೆಯ ಕೆಲಸವನ್ನು ನಾನೇ ಹಾಳುಮಾಡಿಕೊಂಡೆ.

ಸಿಲಿಕಾಕ್ಕೆ ಇಷ್ಟು ಉಪಚಾರ ಏಕೆಂದರೆ, ಬುಗ್ಗೆ ತನ್ನ ಆಳದ ಗುಟ್ಟನ್ನು ಬಿಟ್ಟುಕೊಡುವುದು ಅದರ ಮೂಲಕ. ಬಿಸಿ ಚಹಾದಲ್ಲಿ ಸಕ್ಕರೆ ಹೆಚ್ಚು ಕರಗುವಂತೆ, ಬಿಸಿ ಹೆಚ್ಚಿದಷ್ಟೂ ನೀರು ಬೆಣಚುಕಲ್ಲನ್ನು ಹೆಚ್ಚು ಕರಗಿಸಿಕೊಳ್ಳುತ್ತದೆ. ಬೇಗ ಮೇಲೆ ಬಂದರೆ ದಾರಿಯಲ್ಲಿ ನೀರು ತಣಿದರೂ ಕರಗಿದ್ದು ಅಷ್ಟು ಬೇಗ ಹೊರಬೀಳುವುದಿಲ್ಲ. ಮೇಲೆ ಸಿಕ್ಕ ನೀರಿನಲ್ಲಿ ಎಷ್ಟು ಸಿಲಿಕಾ ಇದೆಯೆಂದು ನೋಡಿ ಕೆಳಗೆ ಅದು ಎಷ್ಟು ಬಿಸಿಯಿತ್ತೆಂದು ಲೆಕ್ಕ ಹಾಕಬಹುದು. ಇನ್ನು ಆ ನೀರು ಎಲ್ಲಿಯದು ಎಂಬ ಪ್ರಶ್ನೆ. ಜ್ವಾಲಾಮುಖಿಯ ಬಳಿಯ ಬಿಸಿನೀರು ಶಿಲಾರಸದಿಂದಲೇ ಬೆವರಿನಂತೆ ಹೊರಟದ್ದೆಂದು ಒಂದು ಕಾಲಕ್ಕೆ ಅನೇಕರು ನಂಬಿದ್ದರು. ಮಳೆನೀರಿನಲ್ಲಿ ಭಾರದ ಜಲಜನಕ ಮತ್ತು ಭಾರದ ಆಮ್ಲಜನಕಗಳ ಪ್ರಮಾಣಕ್ಕೆ ನೇರ ಸಂಬಂಧವಿದೆಯೆಂದು ಅಮೆರಿಕದ ಭೂರಸಾಯನ ವಿಜ್ಞಾನಿ ಹಾರ್ಮನ್ ಕ್ರೇಗ್ 1961ರಲ್ಲಿ ತೋರಿಸಿದ ಮೇಲೆ, ಪ್ರಪಂಚದ ಹೆಚ್ಚಿನ ಬಿಸಿನೀರಿನ ಬುಗ್ಗೆಗಳಿಗೂ ಆಯಾ ನಾಡಿನ ಮಳೆ ಮತ್ತು ಹಿಮಕ್ಕೂ ಇರುವ ನಂಟು ಸ್ಪಷ್ಟವಾಯಿತು. ಬೆಂಕಿಯ ಮಗಳೆಂದುಕೊಂಡದ್ದು ಮಳೆಯ ಮಗಳಾಗಿತ್ತು. ಪುಗಾದ ನೀರೂ ಬಹುಮಟ್ಟಿಗೆ ಸುತ್ತಲಿನ ಬೆಟ್ಟಗಳ ಹಿಮವೇ; ಬಿರುಕು ಹಿಡಿದು ಆಳಕ್ಕೆ ಇಳಿದು, ಕಾದು, ಇನ್ನೊಂದು ಬಿರುಕಿನಿಂದ ಮೇಲೆ ಬಂದದ್ದು.

ಐಸ್‌ಲ್ಯಾಂಡಿನಲ್ಲಿ ಆರು ತಿಂಗಳ ತರಬೇತಿಗೆ ಹೋದಾಗ ಇದೇ ಮಾತಿನ ಇನ್ನೊಂದು ಮುಖ ಕಂಡಿತು. ರೆಕ್ಯಾವಿಕ್ ನಗರದ ಮನೆಗಳನ್ನು ಬೆಚ್ಚಗಿಡುವುದು ನೆಲದೊಳಗಿನ ಬಿಸಿನೀರು. ಸ್ನಾನದ ನಲ್ಲಿ ತಿರುಗಿಸಿದರೆ ಕೊಳೆತ ಮೊಟ್ಟೆಯ ವಾಸನೆ, ವಾರದೊಳಗೆ ನನ್ನ ಬೆಳ್ಳಿಯ ಕಾಲುಂಗುರ ಕಪ್ಪಾಯಿತು. ಅಲ್ಲಿಯ ಲಾಕಿಯಲ್ಲಿ 1783ರಲ್ಲಿ ನೆಲ 27 ಕಿಲೋಮೀಟರ್ ಉದ್ದಕ್ಕೆ ಸೀಳಿ, ಎಂಟು ತಿಂಗಳಲ್ಲಿ ಸುಮಾರು 15 ಘನ ಕಿಲೋಮೀಟರ್ ಲಾವಾ ಹರಿಯಿತು. ಅದರ ವಿಷಾನಿಲ ಹುಲ್ಲಿಗೆ ಬಿದ್ದು ದನಕುರಿ ಸತ್ತು, ಹಿಂದೆಯೇ ಬಂದ ಬರದಲ್ಲಿ ದೇಶದ ಐದನೇ ಒಂದು ಭಾಗದಷ್ಟು ಜನ ಅಳಿದರು. ಮನುಷ್ಯರು ಕಣ್ಣಾರೆ ಕಂಡು ಬರೆದಿಟ್ಟ ದೊಡ್ಡ ಲಾವಾ ಹರಿವುಗಳಲ್ಲಿ ಅದೊಂದು. ಆ ಪಾಚಿ ಹಿಡಿದ ಕುಳಿಗಳ ಸಾಲಿನ ಮೇಲೆ ನಿಂತು ನಾನು ನಮ್ಮ ಎರೆಹೊಲವನ್ನು ನೆನೆದೆ. ದಖ್ಖನ್ನಿನ ಲಾವಾದ ಒಟ್ಟು ಮೊತ್ತವನ್ನು ಲಕ್ಷಗಟ್ಟಲೆ ಘನ ಕಿಲೋಮೀಟರುಗಳಲ್ಲಿ ಲೆಕ್ಕ ಹಾಕಬೇಕು.

ಐಸ್‌ಲ್ಯಾಂಡಿನ ಕ್ರಾಫ್ಲಾ ಎಂಬಲ್ಲಿ 2009ರಲ್ಲಿ ಕೊರೆಯುತ್ತಿದ್ದ ಬಾವಿಯೊಂದು ಸುಮಾರು 2.1 ಕಿಲೋಮೀಟರ್ ಆಳದಲ್ಲಿ, ಯಾರೂ ನಿರೀಕ್ಷಿಸದ ಹಾಗೆ, ನೇರವಾಗಿ ಶಿಲಾರಸಕ್ಕೇ ತಾಗಿತು. ಬೆಂಕಿ ಅಷ್ಟು ಹತ್ತಿರವಿರುವ ನಾಡಿನಲ್ಲೂ ಎಂಜಿನಿಯರುಗಳು ತಲೆ ಕೆಡಿಸಿಕೊಳ್ಳುವುದು ಬಿಸಿಯ ಬಗ್ಗೆ ಅಲ್ಲ, ಬಿರುಕಿನ ಬಗ್ಗೆ. ನೀರು ಎಲ್ಲಿ ಇಳಿಯುತ್ತದೆ, ಎಲ್ಲಿ ಏರುತ್ತದೆ, ನಡುವೆ ದಾರಿ ಕಟ್ಟಿಕೊಂಡಿದೆಯೇ ಎಂಬುದೇ ದಿನವಿಡೀ ಚರ್ಚೆ. ಅಲ್ಲಿಯ ಹೊಸ ಬಸಾಲ್ಟಿನಲ್ಲಿ ರಂಧ್ರಗಳು ತೆರೆದಿವೆ. ನಮ್ಮ ಬಸಾಲ್ಟಿನಲ್ಲಿ ಅವೇ ರಂಧ್ರಗಳು ಜಿಯೊಲೈಟ್, ಕ್ಯಾಲ್ಸೈಟ್, ಬೆಣಚುಗಳಿಂದ ತುಂಬಿಹೋಗಿವೆ. ಹುಡುಗರು ಹೊಲದಲ್ಲಿ ಆರಿಸಿ ತರುವ ಬಿಳಿಯ ಹೊಳೆಯುವ ಕಲ್ಲುಗಳು ಆ ಹಳೆಯ ಬಿಸಿನೀರು ಹೋದ ದಾರಿಯ ಗುರುತುಗಳು. ನಮ್ಮ ನೆಲದಲ್ಲೂ ಒಂದು ಕಾಲಕ್ಕೆ ಬುಗ್ಗೆಗಳಿದ್ದಿರಬೇಕು. ತನ್ನ ದಾರಿಯನ್ನು ತಾನೇ ಮುಚ್ಚಿಕೊಂಡು ನೀರು ನಿಂತುಹೋಯಿತು.

ದೇಶಕ್ಕೆ ಮರಳಿದ ಮೇಲೆ ಬಿಸಿನೀರಿನ ತಾಣವೊಂದರಲ್ಲಿ ಕೊರೆಯುವ ಯೋಜನೆಗೆ ಸಲಹೆಗಾರಳಾದೆ. ಊರು ಯಾವುದು, ದುಡ್ಡು ಯಾರದು ಎಂಬುದು ಇಲ್ಲಿ ಬೇಡ. ಸಿಲಿಕಾದ ಲೆಕ್ಕ ಚೆನ್ನಾಗಿ ಬಂದಿತ್ತು. ಕೊರೆದಂತೆ ಬಿಸಿಯೂ ಏರುತ್ತ ಹೋಗಿ ನಾವು ಊಹಿಸಿದ ಮಟ್ಟಕ್ಕೇ ಬಂತು, ಆ ರಾತ್ರಿ ಎಲ್ಲರೂ ಸಂತೋಷಪಟ್ಟೆವು. ಮರುದಿನ ಬಾವಿಯನ್ನು ಹರಿಯಲು ಬಿಟ್ಟಾಗ ಒಂದಿಷ್ಟು ಆವಿ ಉಸ್ಸೆಂದು ಬಂದು ನಿಂತುಹೋಯಿತು. ಕಲ್ಲು ಬಿಸಿಯಾಗಿತ್ತು, ಬಿರುಕು ಇರಲಿಲ್ಲ; ಬಿರುಕಿನ ವಲಯ ಸ್ವಲ್ಪ ಪಕ್ಕದಲ್ಲಿ ಹಾದುಹೋಗಿತ್ತೆಂದು ಆಮೇಲೆ ಗೊತ್ತಾಯಿತು. ಭಾರತದಲ್ಲಿ ಸುಮಾರು 340 ಬಿಸಿನೀರಿನ ತಾಣಗಳನ್ನು ಗುರುತಿಸಿದ್ದರೂ, ಪುಗಾದಲ್ಲಿ 1970ರ ದಶಕದಿಂದಲೂ ಕೊರೆದು ನೋಡಿದ್ದರೂ, 2021ರಲ್ಲಿ ಅಲ್ಲಿ ಒಂದು ಮೆಗಾವ್ಯಾಟಿನ ಪ್ರಾಯೋಗಿಕ ಘಟಕಕ್ಕೆ ಒಪ್ಪಂದವಾಗಿದ್ದರೂ, ನಾವಿನ್ನೂ ಇಟಲಿಯ ಲಾರ್ಡೆರೆಲ್ಲೊದಲ್ಲಿ 1904ರಲ್ಲಿ ಭೂಶಾಖದಿಂದ ಐದು ಬಲ್ಬು ಬೆಳಗಿಸಿದವರ ಹಿಂದೆ ಬಹಳ ದೂರದಲ್ಲಿದ್ದೇವೆ. ಹಣ, ಹವೆ, ರಸ್ತೆ ಎಂದು ಕಾರಣಗಳನ್ನು ಹೇಳುತ್ತೇವೆ, ಅವೂ ಸುಳ್ಳಲ್ಲ. ಆದರೆ ನಾವು ಬಿಸಿಯ ನಕಾಶೆಗಳನ್ನು ಬಿಡಿಸಿದಷ್ಟು ಶ್ರದ್ಧೆಯಿಂದ ಬಿರುಕಿನ ನಕಾಶೆಗಳನ್ನು ಬಿಡಿಸಿಲ್ಲವೆಂಬುದು ನನ್ನ ಅಭಿಪ್ರಾಯ, ಅದರಲ್ಲಿ ನನ್ನ ಪಾಲೂ ಇದೆ.

ಈ ಸೋಲನ್ನು ಊರಿನಲ್ಲಿ ವಿವರಿಸುವುದು ಸುಲಭವಾಯಿತು. "ಬೋರ್ ಫೇಲ್ ಆತು ಅನ್ನು" ಎಂದರು ಕಾಕಾ. ಅವರ ಎಂಟು ಎಕರೆಯಲ್ಲಿ ಮೂರು ಬೋರು ಫೇಲಾಗಿದ್ದವು. ಒಂದಕ್ಕೆ ಬೇವಿನ ಕವಲು ಹಿಡಿದು ನಡೆದವರು ಪಾಯಿಂಟ್ ಹಾಕಿದ್ದರು, ಇನ್ನೊಂದಕ್ಕೆ ಅಂಗೈಯಲ್ಲಿ ತೆಂಗಿನಕಾಯಿ ಎದ್ದು ನಿಂತಿತ್ತು. "ನೀ ಇಷ್ಟ ಓದೀದಿ, ನಮ್ಮ ಹೊಲಕ್ಕ ಒಂದು ಪಾಯಿಂಟ್ ಹಾಕಿ ಕೊಡವಾ" ಎಂದು ಅವರು ಕೇಳಿದಾಗ ಇಲ್ಲವೆನ್ನಲಾಗಲಿಲ್ಲ. ಉಪಕರಣ ತಂದು, ನೆಲದ ವಿದ್ಯುತ್ ನಿರೋಧವನ್ನು ಅಳೆದು, ಎರಡು ಲಾವಾ ಪದರಗಳ ನಡುವಿನ ಕೆಂಪು ಮಣ್ಣಿನ ಪಟ್ಟಿ ಎಲ್ಲಿದೆಯೆಂದು ಅಂದಾಜಿಸಿ, ಪೂರ್ಣ ನಂಬಿಕೆಯಿಂದ ಗೂಟ ನೆಟ್ಟೆ. ನಾಲ್ಕನೆಯ ಬೋರಿನಲ್ಲಿ 400 ಅಡಿಯ ತನಕ ಧೂಳೇ ಬಂತು. ಕಾಕಾ ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಲಾರಿಯವರಿಗೆ ಚಹಾ ಕೊಡಿಸಿದರು. ತೆಂಗಿನಕಾಯಿಯವನು ಮಾತ್ರ ಆ ಮೇಲೆ ಸಂತೆಯಲ್ಲಿ ಸಿಕ್ಕಾಗಲೆಲ್ಲ ನನಗೆ ಬಹಳ ಮರ್ಯಾದೆಯಿಂದ ನಮಸ್ಕಾರ ಮಾಡುತ್ತಾನೆ, ಒಂದೇ ಕಸುಬಿನವರು ಮಾಡುವಂತೆ.

ಕಳೆದ ಶ್ರಾವಣದಲ್ಲಿ ಕಾಕಾ ಅವರನ್ನು ಕರೆದುಕೊಂಡು ಬೀದರಿಗೆ ಹೋಗಿದ್ದೆ. ಝರಣಿ ನರಸಿಂಹನ ದರ್ಶನ ಅವರ ಹರಕೆಯಾಗಿತ್ತು. ಸುಮಾರು 300 ಅಡಿ ಸುರಂಗದಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ಹೋಗಬೇಕು. ಬೀದರಿನ ನೀರುಗಳೆಲ್ಲ ಹೀಗೆಯೇ, ಬೆಟ್ಟದ ಅಂಚಿನಿಂದ ತಾವಾಗಿ ಒಸರುತ್ತವೆ. ಗುರುನಾನಕರ ಪಾದ ಸೋಕಿ ಕಲ್ಲು ಸರಿದು ಹರಿಯಿತೆಂದು ಭಕ್ತರು ನಂಬುವ ಝೀರಾದ ನೀರೂ ಇದೇ ಬಗೆಯದು. ಮೇಲಿನ ತೂತು ತೂತಾದ ಜಂಬಿಟ್ಟಿಗೆ ಮಳೆಯನ್ನು ಕುಡಿಯುತ್ತದೆ, ಅದರ ಬುಡದ ಜೇಡಿ ಮತ್ತು ಗಟ್ಟಿ ಬಸಾಲ್ಟ್ ನೀರನ್ನು ಕೆಳಗೆ ಬಿಡುವುದಿಲ್ಲ, ನೀರು ಪಕ್ಕಕ್ಕೆ ಹರಿದು ಅಂಚಿನಲ್ಲಿ ಹೊರಬೀಳುತ್ತದೆ. ಅಲ್ಲಿಂದ ನೌಬಾದಿನ ಕರೇಜಿಗೆ ಹೋದೆವು. ಬಹಮನಿಯರ ಕಾಲದಲ್ಲಿ, ಪರ್ಷಿಯಾದ ಕಡೆಯ ವಿದ್ಯೆಯಂತೆ ನೆಲದೊಳಗೇ ಕೊರೆದ ಸುರಂಗ ಕಾಲುವೆ ಅದು. ಎರಡು ಕಿಲೋಮೀಟರಿಗೂ ಹೆಚ್ಚು ಉದ್ದ, ನಡುನಡುವೆ ಗಾಳಿಗೂ ಬೆಳಕಿಗೂ ನೀರು ಸೇದುವುದಕ್ಕೂ ಬಾವಿಗಳು. ಜಂಬಿಟ್ಟಿಗೆಯ ಬಿರುಕಿನ ಸಾಲನ್ನೇ ಹಿಡಿದು, ನೀರು ತಾನಾಗಿ ಇಳಿಯುವಷ್ಟೇ ಸಣ್ಣ ಇಳಿಜಾರು ಕೊಟ್ಟು ಅದನ್ನು ಕಡಿದಿದ್ದಾರೆ. ಮೇಲೆ ಮುಚ್ಚಳವಿರುವುದರಿಂದ ಬಿಸಿಲಿಗೆ ಆರುವುದಿಲ್ಲ. ನಮ್ಮ ಲಾವಾ ಬಂದದ್ದೂ ಹೀಗೆಯೇ ಮುಚ್ಚಿದ ದಾರಿಯಲ್ಲಿ ಎಂದು ಕಾಕಾಗೆ ಹೇಳಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ.

ಚೀಲದಲ್ಲಿ ಉಷ್ಣಮಾಪಕವಿತ್ತು, ಅಭ್ಯಾಸಬಲದಿಂದ ನೀರಿಗಿಳಿಸಿದೆ. 26 ಡಿಗ್ರಿ ತೋರಿಸಿತು. ಬೀದರಿನ ಗಾಳಿಯ ವರ್ಷದ ಸರಾಸರಿಯೂ ಹೆಚ್ಚು ಕಡಿಮೆ ಅಷ್ಟೇ. ಆಳಕ್ಕೆ ಇಳಿಯದ ನೀರು ಯಾವಾಗಲೂ ಆ ಸರಾಸರಿಯ ಹತ್ತಿರವೇ ಇರುತ್ತದೆ. ಮುತ್ಯಾ ಕೇಳಿದ ಬೆಂಕಿಯ ಸುಳಿವು ಅದರಲ್ಲಿ ಕಾಲು ಡಿಗ್ರಿಯಷ್ಟೂ ಇರಲಿಲ್ಲ. ನಾನು ಟಿಪ್ಪಣಿ ಪುಸ್ತಕದಲ್ಲಿ ದಿನಾಂಕ ಹಾಕಿ, ವಾಸನೆಯ ಕಾಲಮಿನಲ್ಲಿ 'ಇಲ್ಲ' ಎಂದು ಬರೆಯುತ್ತಿರುವಾಗ, ಬಾವಿಯ ಕಟ್ಟೆಯ ಮೇಲಿಂದ ಬಗ್ಗಿ ಬಹಳ ಹೊತ್ತು ಕೆಳಗೆ ನೋಡುತ್ತಿದ್ದ ಕಾಕಾ ಟೊಪ್ಪಿಗೆ ಸರಿಮಾಡಿಕೊಂಡು ಕೇಳಿದರು:

"ಇವರಿಗೆ ಪಾಯಿಂಟ್ ಯಾರ ಹಾಕಿ ಕೊಟ್ಟಿದ್ರವಾ?"